ನೆಲಕ್ಕಿಳಿದ ನವರಂಗ



ಚೆನ್ನೈ ನಗರದ ಕೀಲ್ಪಾಕ್ ಹಳೆಯ ಬಡಾವಣೆ. ಬಹುಮಹಡಿ ಕಟ್ಟಡಗಳ ನಡುವೆಯೂ ಅಲ್ಲಿನ ಕೆಲವು ಮನೆಗಳ ಹಿತ್ತಿಲಿನಲ್ಲಿ ಇನ್ನೂ ಮರಗಳ ನೆರಳುಂಟು. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಮುಂಜಾವಿನಲ್ಲಿ ನಗರದ ಇಂತಹ ಹಿತ್ತಿಲುಗಳಲ್ಲಿ ಬಣ್ಣಬಣ್ಣದ ಅಪರಿಚಿತ ಹಕ್ಕಿಯೊಂದು ಹಾರಲಾರದೆ ಕುಳಿತಿರುವುದು ಕಂಡುಬರುತ್ತದೆ. ಸುತ್ತಲೂ ಕಾಗೆಗಳ ಗದ್ದಲ. ಯಾರದೋ ಪಂಜರದಿಂದ ತಪ್ಪಿಸಿಕೊಂಡ ಹಕ್ಕಿಯೆಂದು ಬಗೆದು, ಮತ್ತೊಂದು ಪಂಜರಕ್ಕೆ ಹಾಕಿ ಅನ್ನ, ಹಾಲು ಇಡುವವರುಂಟು. ಉದ್ದೇಶವೇನೋ ಒಳ್ಳೆಯದೇ, ಹಕ್ಕಿ ಉಳಿಯುವುದು ಮಾತ್ರ ದುರ್ಲಭ.

ಅದು ಸಾಕಿದ ಹಕ್ಕಿಯಲ್ಲ, ನವರಂಗ. ಮೈನಾಕ್ಕಿಂತ ಚಿಕ್ಕದು. ಮೋಟು ಬಾಲ, ಹಸಿರು ಬೆನ್ನು, ಕಣ್ಣನ್ನು ಹಾದುಹೋಗುವ ಅಗಲವಾದ ಕಪ್ಪು ಪಟ್ಟೆ, ಬಿಳಿಯ ಗಂಟಲು, ರೆಕ್ಕೆಯಲ್ಲಿ ಹೊಳೆಯುವ ನೀಲಿ, ಬಾಲದ ಬುಡದಡಿ ಕಡುಗೆಂಪು: ಇಷ್ಟನ್ನು ಗಮನಿಸಿದರೆ ಗುರುತು ತಪ್ಪದು. ಬೆಳಗ್ಗೆ, ಸಂಜೆ ಆರರ ಸುಮಾರಿಗೆ ಕೂಗುವುದರಿಂದ ತಮಿಳರು ಇದನ್ನು ‘ಆರುಮಣಿ ಕುರುವಿ’ ಎನ್ನುತ್ತಾರೆ. ಇದರ ವೈಜ್ಞಾನಿಕ ನಾಮವಾದ ‘ಪಿಟ್ಟಾ’ ಬಂದುದು ತೆಲುಗಿನಿಂದ. ಹಿಮಾಲಯದ ತಪ್ಪಲು, ಮಧ್ಯ ಭಾರತ ಮೊದಲಾದೆಡೆ ಮರಿ ಮಾಡಿ, ಚಳಿಗಾಲಕ್ಕೆ ದಕ್ಷಿಣ ಭಾರತ ಹಾಗೂ ಶ್ರೀಲಂಕಾಗಳಿಗೆ ಬರುವ ಈ ಹಕ್ಕಿ ರಾತ್ರಿಯಲ್ಲಿ ಪಯಣಿಸುತ್ತದೆ. ನಗರದ ದೀಪಗಳಿಂದ ದಿಕ್ಕುಗೆಟ್ಟು, ಗಾಜಿಗೆ ಬಡಿದು ಅಥವಾ ಬರಿಯ ಬಳಲಿಕೆಯಿಂದಲೇ ನೆಲಕ್ಕಿಳಿಯುತ್ತದೆ.

ಮೊದಲ ಉಪಚಾರವೆಂದರೆ ಕತ್ತಲೆ ಮತ್ತು ಮೌನ. ತೆಳುಬಟ್ಟೆ ಹೊದಿಸಿ ಮೆಲ್ಲನೆ ಎತ್ತಿ, ಗಾಳಿಗೆ ರಂಧ್ರ ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಬೇಕು. ಬಾಯಿಗೆ ನೀರು ಹನಿಸಲೇಬಾರದು. ಹಕ್ಕಿಯ ಶ್ವಾಸನಾಳದ ದ್ವಾರ ನಾಲಗೆಯ ಬುಡದಲ್ಲೇ ಇರುವುದರಿಂದ ಆ ನೀರು ಶ್ವಾಸಕೋಶ ಸೇರಬಹುದು. ಮತ್ತೆ ಮತ್ತೆ ಮುಚ್ಚಳ ತೆರೆದು ನೋಡುವ ಮಕ್ಕಳನ್ನೂ, ಹಿರಿಯರನ್ನೂ ತಡೆಯಬೇಕಾಗುತ್ತದೆ! ಕಾಲಿನಲ್ಲಿ ಲೋಹದ ಬಳೆಯಿದ್ದರೆ ಅದನ್ನು ತೆಗೆಯದೆ, ಸಂಖ್ಯೆಯನ್ನು ಬರೆದುಕೊಂಡು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಬೇಕು.

ರೆಕ್ಕೆ ಜೋತುಬಿದ್ದಿದ್ದರೆ, ರಕ್ತ ಸೋರುತ್ತಿದ್ದರೆ ಅಥವಾ ಬೆಕ್ಕು ಕಚ್ಚಿದ್ದರೆ ಮನೆಮದ್ದು ಸಲ್ಲದು. ಗಿಂಡಿಯ ವನ್ಯಜೀವಿ ವಾರ್ಡನ್ ಕಚೇರಿಗೆ ತಿಳಿಸಿ, ಪಶುವೈದ್ಯರ ನೆರವು ಪಡೆಯಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇಂತಹ ಹಕ್ಕಿಯನ್ನು ಮನೆಯಲ್ಲಿರಿಸಿಕೊಂಡು ಸಾಕುವಂತಿಲ್ಲ.

ಗಾಯವಿಲ್ಲದೆ ಚೇತರಿಸಿಕೊಂಡ ಹಕ್ಕಿಯನ್ನು ಮೇಲಕ್ಕೆ ಎಸೆದು ಹಾರಿಸಬಾರದು. ನವರಂಗ ತರಗೆಲೆ ಕೆದಕಿ ಹುಳು ಹೆಕ್ಕುವ ನೆಲದ ಹಕ್ಕಿ. ಕಾಗೆಗಳು ಮರ ಸೇರಿದ ಮುಸ್ಸಂಜೆಯಲ್ಲಿ ಪೆಟ್ಟಿಗೆಯನ್ನು ಪೊದೆಯ ಬುಡದಲ್ಲಿಟ್ಟು, ಮುಚ್ಚಳ ತೆರೆದು ದೂರ ಸರಿದರೆ ಅದು ತಾನಾಗಿಯೇ ಹೊರಬರುತ್ತದೆ.