ಹೊಸ ಕೋಳಿಗೆ ಒಂದು ತಿಂಗಳ ಗಡುವು
(ರೈತರ ಸಭೆಯೊಂದರಲ್ಲಿ ಆಡಿದ ಮಾತುಗಳು)



ಬೆಲೆ, ಸಾಲ, ಬಡ್ಡಿ ಬಗ್ಗೆ ಬೆಳಗಿನಿಂದ ಎಲ್ಲರೂ ಮಾತಾಡಿದ್ದೀರಿ. ನಾನು ಕೋಳಿ ವಿಷಯ ಹೇಳ್ತೀನಿ. ನಗಬೇಡಿ. ರಾಗಿ ಮಾರಿದ ದುಡ್ಡು ಸಾಲಕ್ಕೆ ಹೋಗುತ್ತೆ. ಉಪ್ಪು, ಸೋಪು, ಮಕ್ಕಳ ನೋಟ್‌ಬುಕ್ಕಿಗೆ ಹಿತ್ತಲ ಕೋಳಿಯೇ ಗತಿ. ಹೆಂಗಸರ ಕೈಲಿರುವ, ಬಡ್ಡಿ ಕೇಳದ ಬ್ಯಾಂಕು ಅದೊಂದೇ.

2019ರಲ್ಲಿ ಆ ಬ್ಯಾಂಕನ್ನು ನಾನೇ ಮುಳುಗಿಸಿದೆ. ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಎರಡು ಹೇಂಟೆ ತಂದು, ಅದೇ ಸಂಜೆ ಮನೆಯ 14 ಕೋಳಿಗಳ ಜತೆ ಬಿಟ್ಟೆ. ‘ಬೇರೆ ಮಡಗಿ’ ಅಂದಳು ನನ್ನ ಹೆಂಡತಿ, ಕೇಳಲಿಲ್ಲ. ಆರನೇ ದಿನಕ್ಕೆ ತೂಕಡಿಕೆ, ಹಸಿರು ಭೇದಿ, ಕತ್ತು ತಿರುಚುವುದು ಶುರುವಾಯಿತು. ಹತ್ತು ದಿನದಲ್ಲಿ ಗೂಡು ಖಾಲಿ. ಬೇಲಿಯಾಚೆ ಮನೆಯ ಕೋಳಿಗಳೂ ಸತ್ತವು. ಆ ಮನೆಯಾಕೆ ಮೊಟ್ಟೆ ಮಾರಿ ಸಂಘದ ಕಂತು ಕಟ್ಟುತ್ತಿದ್ದಳು; ಆ ತಿಂಗಳು ಕೈಸಾಲ ಮಾಡಿದಳು. ತಪ್ಪು ನನ್ನದು, ಬಡ್ಡಿ ತೆತ್ತವಳು ಅವಳು.

ನಾವು ಕೊಕ್ಕರೆ ರೋಗ ಅನ್ನುವುದನ್ನು ಡಾಕ್ಟರು ರಾಣಿಖೇತ್ ಅಂತಾರೆ. ಬಂದ ಮೇಲೆ ವಾಸಿ ಮಾಡುವ ಔಷಧಿಯಿಲ್ಲ. ತಂದ ದಿನ ಕೋಳಿ ಚೆನ್ನಾಗೇ ಕಾಣುತ್ತೆ. ರೋಗ ಒಳಗಿದ್ದರೆ ಹೊರಬೀಳಲು ಎರಡು ವಾರದವರೆಗೂ ಹಿಡಿಯಬಹುದು.

ಆದ್ದರಿಂದ ಹೊಸ ಕೋಳಿಯನ್ನು 30 ದಿನ ದೂರದಲ್ಲಿ ಬೇರೆ ಕೂಡಿ. ನೀರಿನ ಬಟ್ಟಲೂ ಬೇರೆ ಇರಲಿ. ಮನೆಯ ಕೋಳಿಗೆ ಮೊದಲು ಮೇವು ಹಾಕಿ, ಹೊಸದಕ್ಕೆ ಕೊನೆಗೆ. ಆಮೇಲೆ ಕೈಕಾಲು ತೊಳೆಯಿರಿ. ರೆಕ್ಕೆ ಎತ್ತಿ ಹೇನು ನೋಡಿ. ಸೀನು, ಭೇದಿ ಕಂಡರೆ ಪಶುವೈದ್ಯರಿಗೆ ತೋರಿಸಿ. ವಾಸಿಯಾದ ಮೇಲೂ ಅವರನ್ನು ಕೇಳದೆ ಸೇರಿಸಬೇಡಿ.

ಗಡುವು ಮುಗಿದ ಮೇಲೂ ದಿಢೀರನೆ ಬಿಡಬೇಡಿ. ಕೋಳಿಗಳಲ್ಲೂ ಯಜಮಾನಿಕೆ ಉಂಟು. ಹೊಸಬರನ್ನು ಕುಕ್ಕಿ ಅಂಕೆಗೆ ತರುತ್ತವೆ. ಒಂದು ವಾರ ತಂತಿಬಲೆಯೊಳಗೆ, ಒಂದನ್ನೊಂದು ನೋಡುವ ಹಾಗೆ, ಕುಕ್ಕಲು ಎಟುಕದ ಹಾಗೆ ಇಡಿ. ಆಮೇಲೆ ಕತ್ತಲಾದ ಮೇಲೆ ಗೂಡಿಗೆ ಬಿಡಿ. ಬೆಳಗ್ಗೆ ಬೇಗ ಎದ್ದು ನೋಡಿ. ಮೇವು, ನೀರು ಎರಡು-ಮೂರು ಕಡೆ ಇಡಿ. ಒಂಟಿ ಕೋಳಿಯ ಬದಲು ಎರಡು ಸೇರಿಸುವುದು ಮೇಲು. ಸಣ್ಣ ಮರಿಗಳನ್ನು ದೊಡ್ಡವುಗಳ ನಡುವೆ ಬಿಡಲೇಬೇಡಿ. ನಾಲ್ಕು ದಿನ ಜಗಳ ಇರುತ್ತೆ, ಗಾಬರಿ ಬೇಡ. ಆದರೆ ರಕ್ತ ಕಂಡರೆ ಆ ಕೋಳಿಯನ್ನು ತಕ್ಷಣ ಬೇರೆ ಮಾಡಿ. ಇಲ್ಲದಿದ್ದರೆ ಎಲ್ಲವೂ ಸೇರಿ ಅದನ್ನು ಕೊಲ್ಲುತ್ತವೆ.

ಕೊನೇ ಮಾತು. ಕೊಕ್ಕರೆ ರೋಗಕ್ಕೆ ಲಸಿಕೆ ಇದೆ. ಒಂದು ಬಾಟಲಿ 100 ಕೋಳಿಗೆ ಆಗುತ್ತೆ. ಒಮ್ಮೆ ಕಲಸಿದರೆ ಗಂಟೆಗಳೊಳಗೆ ಮುಗಿಸಬೇಕು, ನಾಳೆಗೆ ಉಳಿಯಲ್ಲ. ಹತ್ತು ಕೋಳಿಯವನು ಒಬ್ಬನೇ ತಂದರೆ ನಷ್ಟ. ಅದಕ್ಕೇ ಯಾರೂ ತರಲ್ಲ. ಹತ್ತು ಮನೆಯವರು ಕೂಡಿ ಒಂದು ದಿನ ಗೊತ್ತುಮಾಡಿ, ಪಶುವೈದ್ಯರನ್ನು ಕರೆಸಿ ಹಾಕಿಸಿ. ರೋಗಕ್ಕೆ ನಿಮ್ಮ ಬೇಲಿ, ನನ್ನ ಬೇಲಿ ಅಂತಿಲ್ಲ. ಈ ಕೆಲಸಕ್ಕೂ ಬೇಲಿ ಬೇಡ.