ಕೆಂಪು ಗೆರೆ ಮತ್ತು ಗೆರೆಯಾಚೆಯ ಶಾಲೆ

(ಶತಮಾನೋತ್ಸವದ ಎರಡನೆಯ ದಿನ, 'ಶಾಲೆ ಮತ್ತು ಊರಿನ ಚರಿತ್ರೆ' ಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಕಾಸರಗೋಡಿನ ಚರಿತ್ರೆಯನ್ನು ನನಗಿಂತ ಆಳವಾಗಿ ಬಲ್ಲವರು ಈ ಸಭೆಯಲ್ಲಿ ಅನೇಕರಿದ್ದಾರೆ. ಅವರ ಮುಂದೆ ಅದನ್ನೇ ಮತ್ತೆ ಹೇಳುವುದಕ್ಕಿಂತ, ತನ್ನ ಚರಿತ್ರೆಯನ್ನು ನೆಲದ ಮೇಲೆಯೇ ಬರೆದಿಟ್ಟುಕೊಂಡಿರುವ ದೂರದ ಒಂದು ನಗರದ ವಿಚಾರವನ್ನು ನಿಮ್ಮ ಮುಂದಿಡುವುದು ಉಚಿತವೆಂದು ಭಾವಿಸಿದ್ದೇನೆ. ಅದು ಅಮೆರಿಕದ ಬಾಸ್ಟನ್ ನಗರ.

ಕಳೆದ ಬೇಸಗೆ ರಜೆಯಲ್ಲಿ ಮಗಳು ಮತ್ತು ಅಳಿಯನೊಡನೆ ನ್ಯೂಯಾರ್ಕಿನಿಂದ ಕೆನಡಾದತ್ತ ಹೊರಟ ಪ್ರವಾಸಿ ಹಡಗಿನಲ್ಲಿ ನಾನೂ ಇದ್ದೆ. ಹಡಗು ಬೆಳಗ್ಗೆ ಎಂಟಕ್ಕೆ ಬಾಸ್ಟನ್ ಬಂದರನ್ನು ಮುಟ್ಟಿತು. ಸಂಜೆ ನಾಲ್ಕರೊಳಗೆ ಎಲ್ಲರೂ ಹಿಂದಿರುಗಬೇಕೆಂದು ತಾಕೀತು ಮಾಡಿದ್ದರು. ಸುಮಾರು 400 ವರ್ಷಗಳ ನಗರವೊಂದನ್ನು ಎಂಟು ಗಂಟೆಯೊಳಗೆ ನೋಡುವುದು ಹೇಗೆ? ಆ ಪ್ರಶ್ನೆಗೆ ನಗರವೇ ಒಂದು ಉತ್ತರವನ್ನು ಸಿದ್ಧಪಡಿಸಿಟ್ಟಿದೆ. ಅದರ ಹೆಸರು 'ಫ್ರೀಡಮ್ ಟ್ರೇಲ್', ಎಂದರೆ ಸ್ವಾತಂತ್ರ್ಯ ಪಥ. ಕಾಲುದಾರಿಯ ಮೇಲೆ ಕೆಲವೆಡೆ ಕೆಂಪು ಇಟ್ಟಿಗೆಯಿಂದ, ಕೆಲವೆಡೆ ಕೆಂಪು ಬಣ್ಣದಿಂದ ಎಳೆದ ಒಂದು ಗೆರೆ ಸುಮಾರು ನಾಲ್ಕು ಕಿಲೋಮೀಟರ್ ದೂರ ಹದಿನಾರು ಚಾರಿತ್ರಿಕ ಸ್ಥಳಗಳನ್ನು ಜೋಡಿಸುತ್ತದೆ. ದಾರಿ ಕೇಳಬೇಕಾಗಿಲ್ಲ, ಗೆರೆಯನ್ನು ಹಿಡಿದು ನಡೆದರೆ ಸಾಕು.

ಆ ಗೆರೆ ಅನಾದಿಯದಲ್ಲ. ಹಳೆಯ ಕಟ್ಟಡಗಳೆಲ್ಲ ಇದ್ದವು, ಆದರೆ ಹೊರಗಿನಿಂದ ಬಂದವರು ಗಲ್ಲಿಗಳಲ್ಲಿ ದಾರಿ ತಪ್ಪುತ್ತಿದ್ದರು. 1951ರಲ್ಲಿ ವಿಲಿಯಂ ಸ್ಕೋಫೀಲ್ಡ್ ಎಂಬ ಪತ್ರಕರ್ತರು ಇವನ್ನೆಲ್ಲ ಒಂದು ನಡಿಗೆಯ ದಾರಿಯಾಗಿ ಜೋಡಿಸಬಾರದೇಕೆ ಎಂದು ಪತ್ರಿಕೆಯಲ್ಲಿ ಬರೆದರು. ನಗರಾಡಳಿತ ಒಪ್ಪಿತು. ಆ ಮೇಲೆ ಗೆರೆ ಬಂತು.

ಪಥದ ಮೊದಲ ಸ್ಥಳ 'ಬಾಸ್ಟನ್ ಕಾಮನ್'. 1634ರಿಂದ ಊರಿನ ದನಗಳು ಮೇಯುತ್ತಿದ್ದ ಗೋಮಾಳವದು, ಈಗ ಉದ್ಯಾನ. ಅದರ ಮೇಲ್ಬದಿಯಲ್ಲಿ 1798ರಲ್ಲಿ ಮುಗಿದ ಶಾಸನಸಭೆಯ ಭವನ, ಅದಕ್ಕೆ ಚಿನ್ನದ ತಗಡಿನ ಗುಮ್ಮಟ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಶತ್ರುವಿಮಾನಗಳ ಕಣ್ಣಿಗೆ ಬೀಳದಿರಲೆಂದು ಆ ಗುಮ್ಮಟಕ್ಕೆ ಬೂದುಬಣ್ಣ ಬಳಿದಿದ್ದರು. ಮುಂದೆ ಗ್ರಾನರಿ ಸ್ಮಶಾನ. ಸ್ವಾತಂತ್ರ್ಯ ಹೋರಾಟದ ನಾಯಕರಾದ ಸ್ಯಾಮ್ಯುಯಲ್ ಆಡಮ್ಸ್, ಜಾನ್ ಹ್ಯಾನ್‌ಕಾಕ್, ಪಾಲ್ ರೆವೆರ್ ಅಲ್ಲಿ ಮಲಗಿದ್ದಾರೆ.

ಅಲ್ಲಿಂದ ಇಳಿದರೆ 'ಸ್ಕೂಲ್ ಸ್ಟ್ರೀಟ್', ಶಾಲೆಬೀದಿ. ಅಧ್ಯಾಪಕಿಯಾದ ನನ್ನ ಕಾಲು ಅಲ್ಲಿ ತಾನಾಗಿ ನಿಂತಿತು. 1635ರಲ್ಲಿ ಸ್ಥಾಪನೆಯಾದ ಬಾಸ್ಟನ್ ಲ್ಯಾಟಿನ್ ಶಾಲೆಯ ಮೂಲಸ್ಥಳವದು. ಅಮೆರಿಕದ ಮೊದಲ ಸಾರ್ವಜನಿಕ ಶಾಲೆ. ಬೆಂಜಮಿನ್ ಫ್ರಾಂಕ್ಲಿನ್ ಅಲ್ಲಿ ಕೆಲಕಾಲ ಓದಿದ್ದರು. ಆದರೆ ಅಲ್ಲೀಗ ಶಾಲೆಯ ಕಟ್ಟಡವಿಲ್ಲ. ನೆಲದ ಮೇಲೆ ಬಣ್ಣದ ಕಲ್ಲುಚೂರುಗಳಿಂದ ಜೋಡಿಸಿದ ಒಂದು ಚಿತ್ರವಿದೆ, ಮಕ್ಕಳ ಕುಂಟಾಟದ ಮನೆಗಳನ್ನು ಹೋಲುವಂತೆ ಅದನ್ನು ರಚಿಸಿದ್ದಾರೆ. ಕಟ್ಟಡ ಹೋಯಿತು, ಶಾಲೆ ಹೋಗಲಿಲ್ಲ. ನಗರದ ಇನ್ನೊಂದು ಭಾಗದಲ್ಲಿ ಅದು ಇಂದಿಗೂ ನಡೆಯುತ್ತಿದೆ.

ಅದೇ ಬೀದಿಯ ತುದಿಯಲ್ಲಿ 1718ರ ಇಟ್ಟಿಗೆಯ ಮನೆಯೊಂದಿದೆ, 'ಓಲ್ಡ್ ಕಾರ್ನರ್ ಬುಕ್‌ಸ್ಟೋರ್'. ಥೋರೋನ 'ವಾಲ್ಡನ್' ಕೃತಿಯನ್ನು 1854ರಲ್ಲಿ ಹೊರತಂದ ಪ್ರಕಾಶಕರು ಅಲ್ಲಿದ್ದರು. ಗಾಂಧೀಜಿಯವರು ಮೆಚ್ಚಿ ಓದಿದ ಲೇಖಕ ಥೋರೋ. 1960ರಲ್ಲಿ ವಾಹನಗಳ ನಿಲುಗಡೆಗಾಗಿ ಅದನ್ನು ಕೆಡವಬೇಕೆಂಬ ಯೋಚನೆಯಿತ್ತು. ನಾಗರಿಕರು ಹಣ ಕೂಡಿಸಿ ಉಳಿಸಿದರು. ಈಗ ಅಲ್ಲಿ ಪುಸ್ತಕಗಳಿಲ್ಲ, ತಿಂಡಿ ಮಾರುತ್ತಾರೆ. ಇಲ್ಲಿ ಕಟ್ಟಡ ಉಳಿಯಿತು, ಕಸುಬು ಹೋಯಿತು. ಬೀದಿಯ ಒಂದು ಕಡೆ ಕಟ್ಟಡವಿಲ್ಲದ ಶಾಲೆಯ ನೆನಪು, ಇನ್ನೊಂದು ಕಡೆ ಪುಸ್ತಕವಿಲ್ಲದ ಪುಸ್ತಕದಂಗಡಿ. ಇವೆರಡನ್ನೂ ನೆನಪಿನಲ್ಲಿಡಿ, ನಾನು ಮತ್ತೆ ಇಲ್ಲಿಗೆ ಬರುತ್ತೇನೆ.

ಮುಂದೆ 'ಓಲ್ಡ್ ಸೌತ್' ಸಭಾಗೃಹ. 1773ರ ಡಿಸೆಂಬರ್ 16ರಂದು ಸುಮಾರು 5000 ಜನ ಅಲ್ಲಿ ಸೇರಿದ್ದರು. ಆ ರಾತ್ರಿ 342 ಪೆಟ್ಟಿಗೆ ಚಹಾ ಸಮುದ್ರದ ಪಾಲಾಯಿತು. ಆ ಚಹಾ ಈಸ್ಟ್ ಇಂಡಿಯಾ ಕಂಪೆನಿಯದು. ಹೌದು ಮಕ್ಕಳೇ, ನಿಮ್ಮ ಪಾಠಪುಸ್ತಕದ ಅದೇ ಕಂಪೆನಿ. ಅಮೆರಿಕದ ಯುದ್ಧದಲ್ಲಿ 1781ರಲ್ಲಿ ಯಾರ್ಕ್‌ಟೌನಿನಲ್ಲಿ ಶರಣಾದ ಕಾರ್ನ್‌ವಾಲಿಸ್ 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ. 1799ರಲ್ಲಿ ಟಿಪ್ಪು ಸುಲ್ತಾನ ಮಡಿದ ಮೇಲೆ ನಮ್ಮ ಕನ್ನಡ ಜಿಲ್ಲೆ ಕಂಪೆನಿಯ ಕೈಸೇರಿತು. ಬಾಸ್ಟನ್ನಿನ ಚರಿತ್ರೆಗೂ ನಮ್ಮದಕ್ಕೂ ನಡುವೆ ಸಮುದ್ರವಿದೆ. ಆದರೆ ಅದೇ ಸಮುದ್ರದ ಮೇಲೆ ಅದೇ ಕಂಪೆನಿಯ ಹಡಗುಗಳು ಓಡಾಡಿದ್ದವು.

ಹಳೆಯ ಶಾಸನಭವನದ ಮುಂದೆ ಕಲ್ಲಿನ ಒಂದು ವೃತ್ತವಿದೆ. 1770ರ ಮಾರ್ಚ್ 5ರಂದು ಬ್ರಿಟಿಷ್ ಸೈನಿಕರ ಗುಂಡಿಗೆ ಐವರು ಬಲಿಯಾದುದರ ಗುರುತು. ಅವರಲ್ಲಿ ಮೊದಲು ಬಿದ್ದವನು ಕ್ರಿಸ್ಪಸ್ ಅಟಕ್ಸ್, ಆಫ್ರಿಕದ ಮತ್ತು ಅಮೆರಿಕದ ಮೂಲನಿವಾಸಿಗಳ ರಕ್ತ ಎರಡೂ ಇದ್ದವನು. ಅಲ್ಲಿಂದ ಮುಂದಿನದು 1742ರ ಫ್ಯಾನ್ಯುಲ್ ಹಾಲ್. ಸ್ವಾತಂತ್ರ್ಯದ ತೊಟ್ಟಿಲೆಂದು ಅದಕ್ಕೆ ಬಿರುದು. ಅದನ್ನು ಕಟ್ಟಿಸಿಕೊಟ್ಟ ವರ್ತಕನಿಗೆ ಮನುಷ್ಯರನ್ನು ಮಾರುವ ವ್ಯಾಪಾರದಲ್ಲೂ ಪಾಲಿತ್ತು. ಕೆಂಪು ಗೆರೆ ಎಲ್ಲವನ್ನೂ ಹೇಳುತ್ತದೆಯೇ ಎಂಬ ಪ್ರಶ್ನೆ ನನ್ನಲ್ಲಿ ಮೂಡಿದ್ದು ಆ ಮೆಟ್ಟಿಲುಗಳ ಮೇಲೆ.

ಪಾಲ್ ರೆವೆರ್‌ನ ಮರದ ಮನೆಯನ್ನೂ 1723ರ 'ಓಲ್ಡ್ ನಾರ್ತ್' ಇಗರ್ಜಿಯನ್ನೂ ನೋಡಿ ಕಾಪ್ಸ್ ಹಿಲ್ ಗುಡ್ಡವನ್ನು ಏರುವಾಗ ಗಂಟೆ ಒಂದೂವರೆ. ನದಿಯಾಚೆ 1797ರ ಯುದ್ಧನೌಕೆ ಮತ್ತು ಬಂಕರ್ ಹಿಲ್ ಸ್ತಂಭ ಕಾಣುತ್ತಿದ್ದವು. ಪಥ ಸೇತುವೆ ದಾಟಿ ಅಲ್ಲಿಯೇ ಮುಗಿಯುತ್ತದೆ. ಆ ಸ್ತಂಭಕ್ಕೆ 294 ಮೆಟ್ಟಿಲು. "ಅಮ್ಮಾ, ಅದನ್ನು ಹತ್ತಿದರೆ ಬೇರೆ ಯಾವುದಕ್ಕೂ ಹೊತ್ತಿಲ್ಲ" ಎಂದಳು ಮಗಳು. ಗೆರೆಯನ್ನು ಅಲ್ಲಿಗೇ ಬಿಟ್ಟು ನಾವು ಶಾಸನಸಭೆಯ ಭವನದ ಹಿಂಭಾಗದ ಓಣಿಗಳತ್ತ ತಿರುಗಿದೆವು. ಅಲ್ಲಿ ಕೆಂಪು ಗೆರೆಯಿಲ್ಲ. ಕಪ್ಪು ಜನರ ಚರಿತ್ರೆಯನ್ನು ತೋರುವ 'ಬ್ಲ್ಯಾಕ್ ಹೆರಿಟೇಜ್ ಟ್ರೇಲ್' ಎಂಬ ಬೇರೊಂದು ಪಥವಿದೆ. ಅದರ ಕೊನೆಯ ಭಾಗದಲ್ಲಿ 1806ರ ಆಫ್ರಿಕನ್ ಸಭಾಗೃಹ, ಪಕ್ಕದಲ್ಲಿ 1835ರ ಎಬಿಯೆಲ್ ಸ್ಮಿತ್ ಶಾಲೆ. ಕಪ್ಪು ಮಕ್ಕಳಿಗೆಂದು ಕಟ್ಟಿದ ಸಾರ್ವಜನಿಕ ಶಾಲೆಯದು.

ಸಾರಾ ರಾಬರ್ಟ್ಸ್ ಎಂಬ ಐದು ವರ್ಷದ ಹುಡುಗಿ ಆ ಶಾಲೆಗೆ ಹೋಗಬೇಕಾದರೆ ದಾರಿಯಲ್ಲಿ ಬಿಳಿಯ ಮಕ್ಕಳ ಐದು ಶಾಲೆಗಳನ್ನು ದಾಟಬೇಕಾಗಿತ್ತು. ತಂದೆ ಬೆಂಜಮಿನ್ ರಾಬರ್ಟ್ಸ್ 1848ರಲ್ಲಿ ನಗರದ ಮೇಲೆ ದಾವೆ ಹೂಡಿದರು. ಚಾರ್ಲ್ಸ್ ಸಮ್ನರ್ ಮತ್ತು ಕಪ್ಪು ವಕೀಲರಾದ ರಾಬರ್ಟ್ ಮಾರಿಸ್ ವಾದಿಸಿದರು. ತೀರ್ಪು ಹುಡುಗಿಗೆ ವಿರುದ್ಧವಾಯಿತು. ಆದರೆ ಜನ ಸುಮ್ಮನಿರಲಿಲ್ಲ. 1855ರಲ್ಲಿ ಆ ರಾಜ್ಯ ಜನಾಂಗಭೇದದ ಶಾಲೆಗಳನ್ನು ಕಾಯಿದೆಯಿಂದಲೇ ನಿಷೇಧಿಸಿತು. ಸ್ಮಿತ್ ಶಾಲೆ ಮುಚ್ಚಿತು. ಮುಚ್ಚಿದ್ದು ಮಕ್ಕಳು ಗೆದ್ದುದರಿಂದ. ಹೆಮ್ಮೆಯ ಲ್ಯಾಟಿನ್ ಶಾಲೆ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದದ್ದು 1972ರಲ್ಲಿ ಎಂಬುದನ್ನೂ ಇಲ್ಲಿ ಹೇಳಬೇಕು. ಮೊದಲ ಶಾಲೆಯಾಗಿರುವುದು ಒಂದು, ಎಲ್ಲರ ಶಾಲೆಯಾಗುವುದು ಇನ್ನೊಂದು.

ಸಭಿಕರೇ, ಆ ಜನರ ಸಂಕಟವನ್ನು ನಮ್ಮದರೊಡನೆ ತೂಗುವ ಉದ್ದೇಶ ನನ್ನದಲ್ಲ. ಆದರೆ ನಮಗೂ ಗೆರೆಯ ಅನುಭವವಿದೆ. 1956ರ ನವೆಂಬರ್ 1ರಂದು ಎಳೆದ ಗೆರೆ ಕಾಸರಗೋಡನ್ನು ಕೇರಳಕ್ಕೆ ಸೇರಿಸಿತು. ಅಂದಿನಿಂದ ಕರ್ನಾಟಕದ ಪ್ರವಾಸಿ ನಕ್ಷೆಯಲ್ಲಿ ನಮ್ಮ ಊರುಗಳಿಲ್ಲ; ಇಲ್ಲಿಯ ನಕ್ಷೆಯಲ್ಲಿ ಬೇಕಲದ ಕೋಟೆ ಎದ್ದು ಕಾಣುತ್ತದೆ, ಮಂಜೇಶ್ವರದ ಗೋವಿಂದ ಪೈಗಳ ಮನೆಯಾಗಲಿ ಪಾರ್ತಿಸುಬ್ಬನ ಕುಂಬಳೆಯಾಗಲಿ ಅಷ್ಟಾಗಿ ಕಾಣುವುದಿಲ್ಲ. ಬೇರೆಯವರು ಎಳೆದ ಗೆರೆಯಲ್ಲಿ ನಮಗೆ ಸ್ಥಳವಿಲ್ಲವೆಂದು ಕೊರಗುತ್ತಾ ಕೂರುವುದು ಒಂದು ದಾರಿ. ನಮ್ಮ ಗೆರೆಯನ್ನು ನಾವೇ ಎಳೆದುಕೊಳ್ಳುವುದು ಇನ್ನೊಂದು. ಬಾಸ್ಟನ್ನಿನ ಕಪ್ಪು ಜನ ಎರಡನೆಯದನ್ನು ಆರಿಸಿಕೊಂಡರು.

ಈ ವರ್ಷ ನಮ್ಮ ಎಂಟನೆಯ ತರಗತಿಯ ಮಕ್ಕಳಿಗೆ ನಾನೊಂದು ಕೆಲಸ ಒಪ್ಪಿಸಿದ್ದೇನೆ. ಶಾಲೆಯ ಸುತ್ತಣ ಒಂದು ಮೈಲಿಯ ನಡಿಗೆಯ ದಾರಿಯನ್ನು ಅವರು ಗುರುತಿಸಬೇಕು: ಮೊದಲ ಮುಳಿಹುಲ್ಲಿನ ಕೊಟ್ಟಿಗೆಶಾಲೆ ಇದ್ದ ಜಾಗ, ಮಕ್ಕಳು ದೋಣಿ ಇಳಿಯುತ್ತಿದ್ದ ಕಡವು, ಮಧ್ಯಾಹ್ನ ಗಂಜಿ ಬೇಯಿಸುತ್ತಿದ್ದ ಒಲೆಯ ಕಲ್ಲು. ಒಂದು ಎಚ್ಚರಿಕೆಯನ್ನೂ ಹೇಳಿದ್ದೇನೆ. ಈ ನೆಲದಲ್ಲಿ ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಮನೆಮಾತಿನ ಮಕ್ಕಳೂ ಕನ್ನಡದಲ್ಲಿ ಅಕ್ಷರ ಕಲಿತರು. ಅವರ ಮನೆಗಳೂ ದಾರಿಯಲ್ಲಿ ಬರಲಿ. ಹಳೆಯ ದಾಖಲಾತಿ ಪುಸ್ತಕವನ್ನು ತೆರೆದು ಮೊದಲ ಹುಡುಗಿ ಯಾವ ವರ್ಷ ಬಂದಳೆಂದು ಹುಡುಕಿರಿ. ಕೊರಗರ ಕೇರಿಯಿಂದ ಮೊದಲ ಮಗು ಯಾವ ವರ್ಷ ಬಂತೆಂದೂ ಹುಡುಕಿರಿ. ತಡವಾಗಿ ಬಂದಿದ್ದರೆ, ತಡವಾಯಿತೆಂದೇ ಬರೆಯಿರಿ.

ಕೊನೆಯದಾಗಿ ರಕ್ಷಕರಲ್ಲಿ ಮತ್ತು ಹಳೆವಿದ್ಯಾರ್ಥಿಗಳಲ್ಲಿ ಒಂದು ಮಾತು. ಶತಮಾನೋತ್ಸವದ ನೆನಪಿಗೆ ನೀವು ಕಟ್ಟಿಸಿಕೊಟ್ಟ ಹೊಸ ಕಟ್ಟಡಕ್ಕೆ ಶಾಲೆ ಋಣಿಯಾಗಿದೆ. ಆದರೆ ಒಂದನೆಯ ತರಗತಿಗೆ ಸೇರುವ ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿರುವುದು ನಿಮಗೂ ತಿಳಿದಿದೆ. ಶಾಲೆಬೀದಿಯ ಎರಡು ಗುರುತುಗಳನ್ನು ನೆನೆಯಿರಿ. ಗೋಡೆ ಗಟ್ಟಿಯಾಗಿದ್ದು ಒಳಗೆ ಪುಸ್ತಕವಿಲ್ಲದ ಮನೆ ನಮಗೆ ಬೇಡ. ಗೋಡೆ ಹೋದರೂ ಪಾಠ ನಿಲ್ಲದ ಶಾಲೆಯೇ ನಮಗೆ ಮೇಲ್ಪಂಕ್ತಿ. ಬರುವ ಜೂನಿನಲ್ಲಿ ನಿಮ್ಮ ಮನೆಯ ಮಗುವಿನ ಕೈಹಿಡಿದು ಈ ದಾರಿಯಲ್ಲಿ ನಡೆದು ಬನ್ನಿ. ನಮ್ಮ ಪಥದ ಮೊದಲ ಗೆರೆ ಅದೇ.