ಉತ್ತರ ಬೇಡದ ಕಾರ್ಡು



ಕಾಲು ಮುರಿದುಕೊಂಡವನ ಮನೆಗೆ ನಾವು ಹಣ್ಣು ಹಿಡಿದುಕೊಂಡು ಹೋಗುತ್ತೇವೆ. ಆದರೆ ಆತ್ಮಹತ್ಯೆಗೆ ಯತ್ನಿಸಿ, ಬದುಕುಳಿದು ಮರಳಿದವನ ಬಾಗಿಲು ತಟ್ಟಲು ಹಿಂಜರಿಯುತ್ತೇವೆ. ಏನು ಹೇಳಬೇಕೆಂದು ತಿಳಿಯದೆ ಮೌನ ವಹಿಸುತ್ತೇವೆ. ಆತನಾದರೋ ಆ ಮೌನವನ್ನು ತಿರಸ್ಕಾರವೆಂದೇ ಓದಿಕೊಳ್ಳುತ್ತಾನೆ. ಇಂಥವರಿಗಾಗಿ ಶುಭಾಶಯ ಪತ್ರಗಳನ್ನು ರೂಪಿಸಲು ಹೊರಟಿರುವ ಯುವ ಕಲಾವಿದರ ಮುಂದೆ ನಾನು ಕೆಲವು ವಿಚಾರಗಳನ್ನಿಡಲು ಬಯಸುತ್ತೇನೆ.

ಒಂದು ಕಾಗದದ ತುಣುಕಿನಿಂದ ಏನಾದೀತು? ಈ ಪ್ರಶ್ನೆಗೆ ಉತ್ತರ ಹುಡುಕಿದವರು ಅಮೆರಿಕದ ಮನೋವೈದ್ಯ ಜೆರೋಮ್ ಮೊಟ್ಟೊ. 1969ರಲ್ಲಿ ಅವರು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಧ್ಯಯನ ಆರಂಭಿಸಿದರು. ಆಸ್ಪತ್ರೆಯಿಂದ ಹೊರಬಂದ ಬಳಿಕ ಚಿಕಿತ್ಸೆ ಮುಂದುವರಿಸದ 843 ಮಂದಿಯನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಐದು ವರ್ಷಗಳಲ್ಲಿ 24 ಪುಟ್ಟ ಪತ್ರಗಳನ್ನು ಕಳುಹಿಸಲಾಯಿತು. ಅವುಗಳಲ್ಲಿ ಉಪದೇಶವಿರಲಿಲ್ಲ, ಪ್ರಶ್ನೆಗಳ ಸರಮಾಲೆ ಇರಲಿಲ್ಲ. ನಿಮ್ಮ ನೆನಪು ನಮಗಿದೆ ಎಂಬ ಭಾವವಷ್ಟೇ ಇತ್ತು. ಪತ್ರ ಪಡೆದವರಲ್ಲಿ ಆತ್ಮಹತ್ಯೆಯ ಪ್ರಮಾಣ ಕಡಿಮೆಯಿತ್ತು. ಮೊದಲ ಎರಡು ವರ್ಷಗಳಲ್ಲಂತೂ ಈ ವ್ಯತ್ಯಾಸ ಗಮನಾರ್ಹವಾಗಿತ್ತು.

ಇದು ಪಾಶ್ಚಾತ್ಯರ ಒಂಟಿ ಬದುಕಿಗೆ ಮಾತ್ರ ಅನ್ವಯಿಸುವ ಮಾತು ಎನ್ನುವವರು ಇರಾನಿನತ್ತ ನೋಡಬೇಕು. ಟೆಹರಾನಿನಲ್ಲಿ ವಿಷ ಸೇವಿಸಿ ಆಸ್ಪತ್ರೆ ಸೇರಿದ್ದ 2300 ಮಂದಿಯ ಮೇಲೆ ನಡೆದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಅವರಲ್ಲಿ ಅರ್ಧದಷ್ಟು ಮಂದಿಗೆ ವರ್ಷವಿಡೀ ಕಾರ್ಡುಗಳು ಹೋದವು. ಹುಟ್ಟುಹಬ್ಬಕ್ಕೂ ಒಂದು ಕಾರ್ಡು ಹೋಯಿತು. ಅವರಲ್ಲಿ ಆತ್ಮಹತ್ಯೆಯ ಆಲೋಚನೆಯೂ ಯತ್ನಗಳೂ ಕಡಿಮೆಯಾದವು.

ಹಾಗಂತ ಕಾರ್ಡನ್ನು ಮದ್ದೆಂದು ಭ್ರಮಿಸಬಾರದು. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರೋಗಿಗಳ ಹಿಂದಿನ ಯತ್ನಗಳನ್ನು ಲೆಕ್ಕಕ್ಕೆ ತೆಗೆದುಕೊಂಡಾಗ, ಕಾರ್ಡುಗಳಿಂದ ಗಮನಾರ್ಹ ಪ್ರಯೋಜನ ಕಂಡುಬರಲಿಲ್ಲ. ಕಾರ್ಡು ವೈದ್ಯನ ಸ್ಥಾನವನ್ನು ತುಂಬಲಾರದು. ಹೆಚ್ಚೆಂದರೆ ವೈದ್ಯನ ಬಳಿಗೆ ದಾರಿ ತೋರಬಹುದು.

ಹಾಗಾದರೆ ನಿಮ್ಮ ಕಾರ್ಡು ಹೇಗಿರಬೇಕು? ಮೊದಲನೆಯದಾಗಿ, ಅದು ಮುಚ್ಚಿದ ಲಕೋಟೆಯಲ್ಲಿರಲಿ. ತೆರೆದ ಅಂಚೆ ಕಾರ್ಡನ್ನು ಇಡೀ ಓಣಿಯೇ ಓದೀತು. ಲಕೋಟೆಯ ಮೇಲೆ ರೋಗದ ಹೆಸರಾಗಲಿ, ಆಸ್ಪತ್ರೆಯ ಹೆಸರಾಗಲಿ ಬೇಡ. ಎರಡನೆಯದಾಗಿ, 'ಧೈರ್ಯವಾಗಿರು', 'ಇದೇನು ದೊಡ್ಡ ವಿಷಯ' ಎಂಬಂಥ ಮಾತುಗಳು ಬೇಡ. ಅವು ನೋವನ್ನು ಅಲ್ಲಗಳೆಯುತ್ತವೆ. ನಂಬಿಕೆ ದುರ್ಬಲವಾದದ್ದರಿಂದಲೇ ಹೀಗಾಯಿತು ಎಂಬ ತೀರ್ಪಂತೂ ಖಂಡಿತ ಬೇಡ. ಗಾಯಗೊಂಡವನಿಗೆ ಅದು ಇನ್ನೊಂದು ಏಟು. ಮೂರನೆಯದಾಗಿ, ಉತ್ತರ ಬರೆಯಲೇಬೇಕೆಂಬ ಹೊರೆ ಹೊರಿಸದಿರಿ. ಕೊನೆಯದಾಗಿ, ಒಂದೇ ಕಾರ್ಡಿಗೆ ನಿಲ್ಲಿಸದಿರಿ. ಮೊಟ್ಟೊ ಪತ್ರಗಳ ಜೀವಾಳ ಅವುಗಳ ನಿರಂತರತೆಯಲ್ಲಿತ್ತು.

ಕಾರ್ಡಿನ ಕೆಳಗೆ 14416 ಎಂಬ ಸಂಖ್ಯೆಯಿರಲಿ. ಅದು 2022ರಲ್ಲಿ ಆರಂಭವಾದ ಸರಕಾರದ ಉಚಿತ ಸಹಾಯವಾಣಿ 'ಟೆಲಿ ಮಾನಸ್'. ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರಸ್ಥಾನದಲ್ಲಿದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಒದಗಿಸುವುದು ಸರಕಾರದ ಕರ್ತವ್ಯ ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಕಾನೂನು ಅವರನ್ನು ಅಪರಾಧಿಗಳಂತೆ ಕಾಣುವುದನ್ನು ಬಿಟ್ಟಿದೆ. ಸಮಾಜ ಬಿಟ್ಟಿದೆಯೇ?

ನಿಮ್ಮ ಕುಂಚಕ್ಕೆ ಹೂವು ಬಿಡಿಸಲು ಬರುತ್ತದೆ. ಅದು ತಲುಪಬೇಕಾದ ವಿಳಾಸಗಳು ನಮ್ಮ ನಿಮ್ಮ ಓಣಿಗಳಲ್ಲೇ ಇವೆ.